ಅಂತರ್ಜಾಲವಿಲ್ಲದೆ ವಿಶ್ವಕೋಶ: ಕಡತಗಳ ಜೋಡಣೆ

ಕೊಯ್ಲು ಮುಗಿಸಿ ಸಿಂಧನೂರು, ಮಸ್ಕಿ ಕಡೆಗೆ ಮರಳುವ ಕುಟುಂಬಗಳ ಮಕ್ಕಳ ಓದು ಎರಡು ಕಡೆ ತುಂಡಾಗುತ್ತದೆ. ನಮ್ಮ ಲೈನ್ ಮನೆಗಳಲ್ಲಿ ಸಿಗ್ನಲ್ ಇಲ್ಲ. ಪಾಮನಕಲ್ಲೂರಿನಲ್ಲಿ ಸಿಕ್ಕರೂ ಡೇಟಾಕ್ಕೆ ಹಣ ಬೇಕು. ಈ ಮಕ್ಕಳ ಕೈಗೆ ಕನ್ನಡ ವಿಕಿಪೀಡಿಯವನ್ನೇ ಮೆಮೊರಿ ಕಾರ್ಡಿನಲ್ಲಿ ಕೊಟ್ಟು ಕಳಿಸಬಹುದು. 2003ರಲ್ಲಿ ಆರಂಭವಾದ ಈ ವಿಶ್ವಕೋಶವನ್ನು ಅಂತರ್ಜಾಲವಿಲ್ಲದೆ ಓದಿಸುವ ಕಿವಿಕ್ಸ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ.

ವಿಶ್ವಕೋಶವೆಲ್ಲ ‘ಜಿಮ್’ ಎಂಬ ಬಗೆಯ ಒಂದೇ ಕಡತದಲ್ಲಿ ಅಡಕ. ಕಡತದ ಹೆಸರಿನಲ್ಲೇ ಭಾಷೆ, ಬಗೆ, ತಯಾರಾದ ವರ್ಷ-ತಿಂಗಳು ಇರುತ್ತವೆ. ಮ್ಯಾಕ್ಸಿ ಎಂದರೆ ಚಿತ್ರಸಹಿತ, ನೋಪಿಕ್ ಚಿತ್ರರಹಿತ, ಮಿನಿ ಎಂದರೆ ಲೇಖನಗಳ ಪೀಠಿಕೆ ಮಾತ್ರ. ಅಡಿಕೆ ಮೂಟೆಯ ಗುರುತನ್ನು ಯಾರೂ ಅಳಿಸುವುದಿಲ್ಲವಷ್ಟೆ. ಈ ಹೆಸರನ್ನೂ ಬದಲಿಸಬಾರದು. ಬದಲಿಸಿದರೆ ಹಳತು ಯಾವುದು, ಹೊಸತು ಯಾವುದು ತಿಳಿಯದು.

ನಿಜವಾದ ತೊಡಕು ಕಾರ್ಡಿನದು. ಫ್ಯಾಟ್ 32 ಪದ್ಧತಿಯ ಕಾರ್ಡು 4 ಗಿಗಾಬೈಟ್ ಮೀರಿದ ಕಡತವನ್ನು ಒಪ್ಪದು, ಒಳಗೆ ಎಷ್ಟೇ ಜಾಗವಿರಲಿ. ದೊಡ್ಡ ಕಡತವಾದರೆ ಮೊದಲೇ ಎಕ್ಸ್‌ಫ್ಯಾಟ್‌ಗೆ ಬದಲಿಸಿಕೊಳ್ಳಬೇಕು. ಹಾಗೆ ಮಾಡಿದಾಗ ಕಾರ್ಡಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಚಿತ್ರಸಹಿತ ಇಂಗ್ಲಿಷ್ ಕಡತ 100 ಗಿಗಾಬೈಟ್ ದಾಟುತ್ತದೆ, ಅದರ ಆಸೆ ಬೇಡ.

ಕಂಪ್ಯೂಟರಿನಲ್ಲಿ ಎಲ್ಲ ಜಿಮ್ ಕಡತಗಳನ್ನೂ ನಾವು ಒಂದೇ ಫೋಲ್ಡರಿನಲ್ಲಿಡುತ್ತೇವೆ. ಕಿವಿಕ್ಸ್ ತನ್ನ ಪಟ್ಟಿಯಲ್ಲಿ ಕಡತದ ಸ್ಥಳವನ್ನು ಬರೆದುಕೊಳ್ಳುತ್ತದೆ. ಕಡತವನ್ನು ಸರಿಸಿದರೆ ಪಟ್ಟಿಯಿಂದ ತೆರೆಯಲಾಗದು. ಹೊಸ ಕಡತ ಬಂದಾಗ ಅಂತರ್ಜಾಲ ಆರಿಸಿ, 1915ರಲ್ಲಿ ಅಶೋಕನ ಶಾಸನ ದೊರೆತ ‘ಮಸ್ಕಿ’ಯನ್ನು ಹುಡುಕಿ ನೋಡುತ್ತೇವೆ. ಪುಟ ತೆರೆದ ಮೇಲಷ್ಟೇ ಹಳೆಯದನ್ನು ಅಳಿಸುವುದು.

ಕಾರ್ಡು ಬೇಕಾದ ಸದಸ್ಯರು ಕೊಯ್ಲಿನವರು ಹೊರಡುವ ಮುನ್ನ ಕಚೇರಿಗೆ ತಿಳಿಸಬೇಕಾಗಿ ಕೋರಿಕೆ.