ದಂಡನಾಯಕನ ಶಾಸನವೂ ಇಂದಿನ ರಕ್ಷಣಾ ಸಲಹೆಗಾರರೂ

ಹಳೇಬೀಡಿಗೆ ಹೋದವರಲ್ಲಿ ಬಹುಮಂದಿ ಹೊಯ್ಸಳೇಶ್ವರ ದೇವಾಲಯವನ್ನು ನೋಡಿ ಹಿಂದಿರುಗುತ್ತಾರೆ. ಅಲ್ಲಿಗೆ ಹತ್ತಿರದಲ್ಲೇ ಇರುವ ಬಸ್ತಿಹಳ್ಳಿಯ ಮೂರು ಜೈನ ಬಸದಿಗಳತ್ತ ಹೆಜ್ಜೆ ಹಾಕುವವರು ಕಡಿಮೆ. ಅವುಗಳಲ್ಲಿ ಪಾರ್ಶ್ವನಾಥ ಬಸದಿಯ ಕಂಬಗಳು ನೋಡುವವನ ಮುಖ ಕಾಣುವಷ್ಟು ನುಣುಪಾಗಿವೆ. 1133ರಲ್ಲಿ ಬೊಪ್ಪದೇವನು ತನ್ನ ತಂದೆ ಗಂಗರಾಜನ ಸ್ಮರಣೆಗಾಗಿ ಈ ಬಸದಿಯನ್ನು ಕಟ್ಟಿಸಿದನು.

ಗಂಗರಾಜನು ಹೊಯ್ಸಳ ವಿಷ್ಣುವರ್ಧನನ ಮಹಾಪ್ರಧಾನ ಮತ್ತು ದಂಡನಾಯಕ. ಇಂದಿನ ಮಾತಿನಲ್ಲಿ ಹೇಳುವುದಾದರೆ, ರಕ್ಷಣೆಯ ಮಂತ್ರಾಲೋಚನೆಯೂ ಸೇನೆಯ ನಾಯಕತ್ವವೂ ಒಬ್ಬನ ಕೈಯಲ್ಲೇ ಇದ್ದವು. ಚೋಳರಿಂದ ತಲಕಾಡನ್ನು ಗೆದ್ದವನು ಅವನೇ; ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯವನ್ನು ರಾತ್ರಿಯ ವೇಳೆ ಮುತ್ತಿ ಚದರಿಸಿದವನೂ ಅವನೇ. ಅವನಿಗೆ 'ದ್ರೋಹಘರಟ್ಟ' ಎಂಬ ಬಿರುದಿತ್ತು. ಘರಟ್ಟವೆಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಅರೆಯುವವನು ಎಂದರ್ಥ. ರಾಜ್ಯರಕ್ಷಣೆಯ ಕೆಲಸದಲ್ಲಿ ಶೌರ್ಯಕ್ಕೆಷ್ಟು ಬೆಲೆಯೋ ನಂಬಿಕೆಗೂ ಅಷ್ಟೇ ಬೆಲೆಯೆಂಬುದನ್ನು ಈ ಒಂದು ಬಿರುದೇ ತಿಳಿಸುತ್ತದೆ.

ರಕ್ಷಣಾನೀತಿ ಎಂದರೆ ಯುದ್ಧ ಮಾತ್ರವಲ್ಲ. ಶತ್ರು ಯಾರು, ಮಿತ್ರ ಯಾರು, ಯಾವ ಆಯುಧ ಬೇಕು, ಅದಕ್ಕೆಷ್ಟು ಹಣ ಎಂಬುದನ್ನು ಮುಂಚಿತವಾಗಿ ನಿಶ್ಚಯಿಸುವುದೇ ನೀತಿ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಂತ್ರರಕ್ಷಣೆಗೆ ದೊಡ್ಡ ಸ್ಥಾನವಿದೆ. ಗಿಳಿ, ಗೊರವಂಕಗಳಿಂದಲೂ ಗುಟ್ಟು ಹೊರಬಿದ್ದುದುಂಟೆಂದು ಆ ಗ್ರಂಥ ಎಚ್ಚರಿಸುತ್ತದೆ.

ಈಗಿನ ಏರ್ಪಾಡು ಬೇರೆ. ಸೈನ್ಯಕ್ಕೊಂದು ಸಾಮಗ್ರಿ ಬೇಕಾದರೆ ಮೊದಲು ಸೇನೆ ತನ್ನ ಅಗತ್ಯವನ್ನು ತಿಳಿಸಬೇಕು, ಸಚಿವಾಲಯ ಒಪ್ಪಬೇಕು, ಪರೀಕ್ಷೆಗಳಾಗಬೇಕು, ಬೆಲೆಯ ಮಾತುಕತೆ ಮುಗಿಯಬೇಕು. ಇದಕ್ಕೆ ವರ್ಷಗಳೇ ಹಿಡಿಯುತ್ತವೆ. ಇದರ ಒಳಹೊರಗನ್ನು ಬಲ್ಲವರು ಸರಕಾರದಲ್ಲಿ ದುಡಿದ ಅಧಿಕಾರಿಗಳು. 2001ರಲ್ಲಿ ಭಾರತ ಸರಕಾರವು ಯುದ್ಧಸಾಮಗ್ರಿಯ ತಯಾರಿಕೆಯನ್ನು ಖಾಸಗಿ ಕಂಪನಿಗಳಿಗೂ ತೆರೆದ ಮೇಲೆ ಇಂಥವರ ತಿಳಿವಳಿಕೆಗೆ ಬೇಡಿಕೆ ಹೆಚ್ಚಿತು. ಹಿಂದೂಸ್ಥಾನ್ ಏರೋನಾಟಿಕ್ಸ್, ಭಾರತ್ ಎಲೆಕ್ಟ್ರಾನಿಕ್ಸ್‌ಗಳ ನೆಲೆಯಾದ ಬೆಂಗಳೂರಿನಲ್ಲಿ ನಿವೃತ್ತರು ಕಂಪನಿಗಳ ಸಲಹೆಗಾರರಾಗುವುದು ಈಗ ಹೊಸತಲ್ಲ.

ಇದನ್ನು ತಪ್ಪೆನ್ನಲಾಗದು. ಮೂವತ್ತು ವರ್ಷಗಳ ಅನುಭವವನ್ನು ಅರುವತ್ತಕ್ಕೇ ಮೂಲೆಗಿಟ್ಟರೆ ನಷ್ಟ ದೇಶಕ್ಕೇ. ನಿಯಮಗಳನ್ನು ಬಿಡಿಸಿ ಹೇಳುವ ಹಿರಿಯರಿದ್ದರೆ ಸಣ್ಣ ಕಾರಖಾನೆಯೂ ಸೈನ್ಯಕ್ಕೆ ಒಂದು ಬಿಡಿಭಾಗವನ್ನು ಒದಗಿಸಬಲ್ಲುದು. ಆದರೆ ಅಪಾಯವೂ ಇದೆ. ನಿನ್ನೆ ಕೊಳ್ಳುವವರ ಪಕ್ಕದಲ್ಲಿ ಕುಳಿತವನು ಇಂದು ಮಾರುವವರ ಪಕ್ಕದಲ್ಲಿ ಕುಳಿತರೆ, ಅವನ ತಲೆಯೊಳಗಿನ ಗುಟ್ಟು ಯಾರ ಸೊತ್ತು? ನಾಳೆಯ ಉದ್ಯೋಗದ ಆಸೆ ಇಂದಿನ ಸಹಿಯನ್ನು ಬಾಗಿಸದೆ? ಆದಕಾರಣವೇ ಮೇಲ್ದರ್ಜೆಯ ಅಧಿಕಾರಿಯು ನಿವೃತ್ತಿಯಾದ ಒಂದು ವರ್ಷದೊಳಗೆ ವಾಣಿಜ್ಯೋದ್ಯೋಗಕ್ಕೆ ಸೇರಬೇಕಾದರೆ ಸರಕಾರದ ಅನುಮತಿ ಪಡೆಯಬೇಕೆಂಬ ನಿಯಮವಿದೆ. 1923ರ ಸರಕಾರಿ ರಹಸ್ಯಗಳ ಕಾಯಿದೆಯಂತೂ ನಿವೃತ್ತಿಯೊಡನೆ ಮುಗಿಯುವುದಿಲ್ಲ.

ಇನ್ನೊಂದು ದಾರಿ ಹಿಡಿದವರೂ ಉಂಟು. ರಕ್ಷಣಾ ಉತ್ಪಾದನೆಯ ಕಾರ್ಯದರ್ಶಿಯಾಗಿದ್ದ ಕೆ. ಸುಬ್ರಹ್ಮಣ್ಯಂ ಅವರು ನಿವೃತ್ತಿಯ ಬಳಿಕ ಪತ್ರಿಕೆಗಳಲ್ಲಿ ತಮ್ಮ ಹೆಸರಿನಲ್ಲೇ ಬರೆದು ಸಲಹೆಯನ್ನು ಜನರ ಮುಂದಿಟ್ಟರು. ಕಾರ್ಗಿಲ್ ಯುದ್ಧದ ಪರಾಮರ್ಶೆಯ ಸಮಿತಿಗೆ ಅಧ್ಯಕ್ಷರಾದರು. 1999ರಲ್ಲಿ ಪದ್ಮಭೂಷಣ ಪ್ರಶಸ್ತಿಯನ್ನು ಒಲ್ಲೆನೆಂದರು.

ಇಲ್ಲಿ ಗಂಗರಾಜನ ನಡತೆ ವಿಚಾರಕ್ಕೆ ಬರುತ್ತದೆ. ಕಣ್ಣೇಗಾಲದ ಗೆಲವಿಗೆ ಮೆಚ್ಚಿದ ಅರಸನು ಬೇಡಿದ್ದನ್ನು ಕೊಡುವೆನೆಂದಾಗ, ಅವನು ಪರಮ ಎಂಬ ಗ್ರಾಮವನ್ನು ಬೇಡಿ ಪಡೆದು, ಬಸದಿಗಳಿಗೆ ದತ್ತಿಬಿಟ್ಟನು. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಶಾಸನ ಬಸದಿಯೆಂಬುದೊಂದಿದೆ. ಇದನ್ನೆಲ್ಲ ಹೇಳುವ ಕಲ್ಲು ಅದರ ಬಾಗಿಲಲ್ಲಿರುವುದರಿಂದಲೇ ಅದಕ್ಕೆ ಆ ಹೆಸರು. ಏನು ಮಾಡಿದೆ, ಯಾರಿಂದ ಏನು ಪಡೆದೆ, ಯಾರಿಗೆ ಕೊಟ್ಟೆ ಎಂಬ ಲೆಕ್ಕ ಅಲ್ಲಿ ಬಹಿರಂಗವಾಗಿದೆ. ಅರಸರ ಕಾಲದ ಪದ್ಧತಿಯೆಲ್ಲ ನಮಗೆ ಮಾದರಿಯಲ್ಲ. ತಂದೆಯ ಪದವಿ ಮಗನಿಗೆ ಬರುತ್ತಿದ್ದ ಕಾಲವದು. ಆದರೂ ಪಡೆದುದನ್ನು ಕಲ್ಲಿನಲ್ಲಿ ಕೆತ್ತಿಸಿ ನಾಲ್ವರ ಕಣ್ಣಿಗೆ ಇಡುವ ಆ ವಾಡಿಕೆ ಇಂದಿಗೂ ಬೇಕಾದದ್ದು.

ರೇಡಿಯೋದಲ್ಲೋ ಟೆಲಿವಿಷನ್ನಿನಲ್ಲೋ ಮಾಜಿ ಅಧಿಕಾರಿಯೊಬ್ಬರು ಇಂಥ ವಿಮಾನವನ್ನೇ ಕೊಳ್ಳಬೇಕೆಂದು ವಾದಿಸುವುದನ್ನು ನಾವು ಮನೆಯಲ್ಲಿ ಕುಳಿತು ಕೇಳುತ್ತೇವೆ. ಅವರ ಹಿಂದಿನ ಹುದ್ದೆಯನ್ನು ನಮಗೆ ಹೇಳುತ್ತಾರೆ. ಈಗಿನ ಸಂಬಳ ಯಾರದೆಂಬುದನ್ನು ಹೇಳುವುದು ಅಪರೂಪ. ಆ ವಿಮಾನದ ಬೆಲೆ ತೆರುವವರು ಕಂದಾಯ ಕೊಡುವ ನಾವು; ಅದರಲ್ಲಿ ಹಾರುವವರು ನಮ್ಮ ಮಕ್ಕಳು. ಆದ್ದರಿಂದ ಆ ಎರಡನೆಯ ಸಂಗತಿಯನ್ನೂ ಕೇಳಿ ತಿಳಿಯುವುದು ಶ್ರೋತೃಗಳ ಹಕ್ಕು. ಕೇಳುವ ಮೊದಲೇ ಹೇಳುವುದು ಸಲಹೆಗಾರರ ಧರ್ಮ.