ಎತ್ತಿನ ಕೊರಳಿಗೆ ಭಾರವಾಗದ ಮನೆ

ಹೊರದೇಶದಲ್ಲಿ ನೆಲೆಸಿದ ನಮ್ಮವರಲ್ಲಿ ಅನೇಕರು ರಜೆ ಬಂದರೆ ಮೋಟಾರ್‌ಹೋಮ್ ಬಾಡಿಗೆಗೆ ಹಿಡಿಯುತ್ತಾರೆ. ಮಲಗಲು ಹಾಸಿಗೆ, ಬೇಯಿಸಲು ಒಲೆ, ನೀರಿನ ಟ್ಯಾಂಕು ಎಲ್ಲ ಒಳಗೇ ಇರುವ ಆ ವಾಹನದಲ್ಲಿ ಅಮೆರಿಕವನ್ನೋ ಆಸ್ಟ್ರೇಲಿಯಾವನ್ನೋ ವಾರಗಟ್ಟಲೆ ಸುತ್ತಿ ಬಂದು, ಮನೆಯನ್ನೇ ಜೊತೆಗೊಯ್ದ ಸುಖವನ್ನು ಬಣ್ಣಿಸುತ್ತಾರೆ. ಬಾಗಲಕೋಟೆ ಸೀಮೆಯ ಹಿರಿಯರಿಗೆ ಈ ಸುಖ ಹೊಸದೇನಲ್ಲ. ಪುಷ್ಯ ಮಾಸ ಬಂತೆಂದರೆ ಇಳಕಲ್ಲ, ಹುನಗುಂದ, ಅಮೀನಗಡದ ಸುತ್ತಲ ಹಳ್ಳಿಗಳಿಂದ ಕೊಲ್ಲಾರಿ ಬಂಡಿಗಳು ಸಾಲುಗಟ್ಟಿ ಬಾದಾಮಿಯ ಬನಶಂಕರಿಗೆ ಹೊರಡುತ್ತಿದ್ದವು. ಕೊಲ್ಲಾರಿ ಅಂದರೆ ಬಂಡಿಗೆ ಕಟ್ಟುವ ಕಮಾನಿನ ಮೇಲ್ಛಾವಣಿ. ಅದರೊಳಗೆ ಅಜ್ಜಿಯಿಂದ ಹಿಡಿದು ಕೂಸಿನವರೆಗೆ ಇಡೀ ಮನೆತನ. ಈಗ ಟ್ರ್ಯಾಕ್ಟರು, ಬಸ್ಸು, ಟಂಟಂಗಳ ಕಾಲ. ಹಾಗಿದ್ದರೂ ಎತ್ತು ಹೂಡಿಕೊಂಡೇ ಬರುವ ಮನೆತನಗಳು ಇನ್ನೂ ಇವೆ. ಅವರ ಕೈಯಲ್ಲಿರುವ ವಿದ್ಯೆ ದೊಡ್ಡದು.

ಬನಶಂಕರಿ ಇರುವುದು ಬಾದಾಮಿಯಿಂದ ಐದು ಕಿಲೋಮೀಟರ್ ಆಚೆ, ಚೊಳಚಗುಡ್ಡದಲ್ಲಿ. ಬನದ ಹುಣ್ಣಿಮೆಗೆ ತೇರು; ಅದರ ಹಿಂದೆ ಮುಂದೆ ಸುಮಾರು ಒಂದು ತಿಂಗಳು ಜಾತ್ರೆ. ಬಂಡಿಯ ಪಯಣಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಎಳ್ಳ ಅಮಾವಾಸ್ಯೆಯ ಚರಗ ಚೆಲ್ಲಿ ಆಗಿರುತ್ತದೆ, ಬಿಳಿಜೋಳ ಹೊಲದಲ್ಲಿ ತೆನೆಕಟ್ಟಿ ನಿಂತಿರುತ್ತದೆ, ಸುಗ್ಗಿಗೆ ಇನ್ನೂ ದಿನವಿರುತ್ತದೆ. ಎರೆಮಣ್ಣು ಒಣಗಿ ಗಟ್ಟಿಯಾಗಿರುವುದರಿಂದ ಗಾಲಿ ಹೂಳುವ ಭಯವಿಲ್ಲ. ಹುಣ್ಣಿಮೆಯ ತೇರಿಗೆ ಹೊರಟವರು ಶುಕ್ಲಪಕ್ಷದಲ್ಲೇ ದಾರಿ ಹಿಡಿಯಬೇಕಾದ್ದರಿಂದ, ಹೊತ್ತು ಮುಳುಗಿದ ಮೇಲೂ ಬೆಳದಿಂಗಳು ಜೊತೆಗಿರುತ್ತದೆ.

ಮೊದಲು ಗಾಲಿಯ ಮಾತು. ಎತ್ತಿನ ಬಂಡಿಯ ಆಯುಸ್ಸೆಲ್ಲ ಗಾಲಿಯಲ್ಲಿದೆ. ನಡುವಿನ ಗುಂಬಕ್ಕೆ ಬಡಿಗೇರರು ಹೆಚ್ಚಾಗಿ ಕರಿಜಾಲಿಯನ್ನೇ ಆರಿಸುತ್ತಾರೆ. ಅದು ನಮ್ಮ ಎರೆಭೂಮಿಯ ಬದುಗಳಲ್ಲೇ ಬೆಳೆಯುವ ಮರ, ಪೆಟ್ಟು ತಿಂದರೂ ಸೀಳುವುದಿಲ್ಲ. ಕಡಿದ ಮರವನ್ನು ಅವಸರದಿಂದ ಬಳಸುವಂತಿಲ್ಲ. ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿ ಅದರ ಸೆಳೆತವೆಲ್ಲ ಮುಗಿಯಬೇಕು. ಗುಂಬದ ಸುತ್ತ ಸಮ ಅಂತರದಲ್ಲಿ ತೂತು ಹೊಡೆದು ಅರೆಕಾಲುಗಳನ್ನು ಬಿಗಿಯುತ್ತಾರೆ. ಅವುಗಳ ಹೊರತುದಿಗೆ ಬಾಗಿದ ಮರದ ತುಂಡುಗಳನ್ನು ಕೂರಿಸಿ ಬಳೆ ಮಾಡುತ್ತಾರೆ. ಸಾಮಾನ್ಯವಾಗಿ ಒಂದು ತುಂಡಿಗೆ ಎರಡು ಅರೆಕಾಲು. ಇಷ್ಟಾದಾಗ ಗಾಲಿ ನೋಡಲು ಪೂರ್ತಿಯಾಗಿದ್ದರೂ ಇನ್ನೂ ಸಡಿಲ. ಮೊಳೆಯಾಗಲಿ ಅಂಟಾಗಲಿ ಅದರಲ್ಲಿಲ್ಲ. ಅದನ್ನು ಒಂದುಮಾಡುವುದು ಕಬ್ಬಿಣದ ಹಳಿ.

ಹಳಿ ಏರಿಸುವುದನ್ನು ನೋಡಿದವರು ಮರೆಯಲಾರರು. ಕಂಬಾರ ಮೊದಲು ಗಾಲಿಯ ಸುತ್ತಳತೆ ತೆಗೆದು, ಅದಕ್ಕಿಂತ ಬೆರಳಿನಷ್ಟು ಕಡಿಮೆ ಸುತ್ತಳತೆಯ ಹಳಿಯನ್ನು ಬೆಸೆಯುತ್ತಾನೆ. ಅಂದರೆ ತಣ್ಣಗಿರುವಾಗ ಹಳಿ ಗಾಲಿಗೆ ಏರುವುದೇ ಇಲ್ಲ. ಅದನ್ನು ನೆಲದ ಮೇಲಿಟ್ಟು ಸುತ್ತ ಕುಳ್ಳು ಒಟ್ಟಿ ಬೆಂಕಿ ಕೊಡುತ್ತಾರೆ. ಕಬ್ಬಿಣ ಕಾದು ಕೆಂಪೇರಿದಾಗ ಹಿಗ್ಗುತ್ತದೆ. ಐದು ಅಡಿ ಅಡ್ಡಳತೆಯ ಗಾಲಿಯ ಸುತ್ತಳತೆ ಸುಮಾರು 480 ಸೆಂಟಿಮೀಟರ್. 500 ಡಿಗ್ರಿಯಷ್ಟು ಕಾಯಿಸಿದರೆ ಅಷ್ಟುದ್ದದ ಕಬ್ಬಿಣ ಹೆಚ್ಚುಕಡಿಮೆ ಮೂರು ಸೆಂಟಿಮೀಟರ್ ಬೆಳೆಯುತ್ತದೆ. ಆ ಮೂರು ಸೆಂಟಿಮೀಟರಿನಲ್ಲೇ ಎಲ್ಲ ಕಸುಬು ಅಡಗಿದೆ. ಇಕ್ಕಳ ಹಿಡಿದ ನಾಲ್ಕಾರು ಜನ ಹಳಿಯನ್ನೆತ್ತಿ ಗಾಲಿಯ ಮೇಲೆ ಇಳಿಸಿ, ಸುತ್ತಲೂ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಮರ ಹೊಗೆಯಾಡತೊಡಗುತ್ತದೆ. ತಡಮಾಡದೆ ಕೊಡಗಟ್ಟಲೆ ನೀರು ಸುರಿಯುತ್ತಾರೆ. ಹಳಿ ಕುಗ್ಗುತ್ತ ಬರುವಾಗ ಮರದ ಸಂದುಗಳೆಲ್ಲ ಚಟಚಟ ಸದ್ದು ಮಾಡಿ ಮುಚ್ಚಿಕೊಳ್ಳುತ್ತವೆ. ಅರೆಕಾಲುಗಳು ಗುಂಬದೊಳಕ್ಕೆ ಇನ್ನಷ್ಟು ಬಿಗಿಯುತ್ತವೆ. ಹಳಿ ಒಂದೆಳೆ ದೊಡ್ಡದಾದರೆ ಮುಂದಿನ ಬೇಸಿಗೆಯಲ್ಲಿ ಮರ ಒಣಗಿ ಕಳಚಿ ಬೀಳುತ್ತದೆ, ಚಿಕ್ಕದಾದರೆ ಅರೆಕಾಲುಗಳೇ ಸೊಟ್ಟಗಾಗುತ್ತವೆ. ಕಣ್ಣಳತೆ ಮತ್ತು ಅನುಭವ ಬಿಟ್ಟು ಬೇರೆ ಸಾಧನವಿಲ್ಲದೆ ಕಂಬಾರ ಈ ಅಂದಾಜನ್ನು ಸಾಧಿಸುವುದು ನನಗೆ ಇಂದಿಗೂ ವಿಸ್ಮಯ.

ಅಚ್ಚಿನ ತುದಿಯಲ್ಲಿ ಗಾಲಿ ಕಳಚಿಕೊಳ್ಳದಂತೆ ತಡೆಯುವುದು ಕಡಾಣಿ. ಬೆರಳುಗಾತ್ರದ ಈ ಕೀಲು ಬಿದ್ದರೆ ಬಂಡಿ ಬಿದ್ದಂತೆಯೇ. ವಚನಕಾರ ಜೇಡರ ದಾಸಿಮಯ್ಯ ಇದನ್ನೇ ಉಪಮೆಯಾಗಿ ಎತ್ತಿಕೊಂಡದ್ದು ಸುಮ್ಮನೆ ಅಲ್ಲ. ಅವನ ಕೇಳುಗರೆಲ್ಲ ಬಂಡಿ ಹೂಡಿದವರು, ಬಂಡಿಯಲ್ಲಿ ಕೂತವರು. ಹೊರಡುವ ಮುನ್ನ ಕಡಾಣಿ ನೋಡುವುದು, ಅಚ್ಚಿಗೆ ಕೀಲೆಣ್ಣೆ ಹಚ್ಚುವುದು ಮನೆಯ ಹಿರಿಯನ ಕೆಲಸ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿ ಮಾಡಿದ ಕೀಲೆಣ್ಣೆಯ ಪಾತ್ರೆ ಬಂಡಿಯ ಕೆಳಗೇ ತೂಗುತ್ತಿರುತ್ತದೆ.

ಇನ್ನು ಮನೆ ಕಟ್ಟುವ ಕೆಲಸ. ಬಿದಿರಿನ ದಬ್ಬೆಗಳನ್ನು ನೀರಿನಲ್ಲಿ ನೆನೆಸಿ, ಬಾಗಿಸಿ, ಬಂಡಿಯ ಎರಡೂ ಮಗ್ಗುಲಿಗೆ ಕಮಾನಿನಂತೆ ಕಟ್ಟುತ್ತಾರೆ. ಅದರ ಮೇಲೆ ಮೇದಾರರು ಹೆಣೆದ ಚಾಪೆ, ಚಾಪೆಯ ಮೇಲೆ ತಾಡಪತ್ರಿ. ಕಟ್ಟುವುದು ಪುಂಡಿನಾರಿನ ಹಗ್ಗದಲ್ಲಿ. ಪುಂಡಿ ನಮ್ಮ ಸೀಮೆಯ ಉಪಕಾರಿ ಗಿಡ: ಸೊಪ್ಪು ರೊಟ್ಟಿಯ ಜೊತೆಗೆ ಪಲ್ಯವಾಗುತ್ತದೆ, ದಂಟಿನ ನಾರು ಹಗ್ಗವಾಗುತ್ತದೆ. ತಂತಿಯಲ್ಲಿ ಕಟ್ಟಿದರೆ ಗಟ್ಟಿಯಲ್ಲವೇ ಅನ್ನಿಸಬಹುದು. ಆದರೆ ಬಂಡಿ ಕುಲುಕುವಾಗ ತಂತಿ ಬಿದಿರನ್ನು ಕೊಯ್ಯುತ್ತದೆ. ಹಗ್ಗವಾದರೆ ಕುಲುಕಾಟವನ್ನು ತಾನೇ ನುಂಗುತ್ತದೆ.

ಒಳಗಿನ ಹಾಸಿಗೆಯಂತೂ ಬುದ್ಧಿವಂತಿಕೆಯ ಕೆಲಸ. ತಳದಲ್ಲಿ ಒಂದು ಮೊಳದಷ್ಟು ಎತ್ತರಕ್ಕೆ ಜೋಳದ ಕಣಕಿ, ಅದರ ಮೇಲೆ ಒಣಹುಲ್ಲು, ಮೇಲೆ ಜಮಖಾನ, ಅದರ ಮೇಲೆ ಕೌದಿ. ಹಳೆಯ ಇಳಕಲ್ಲ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿ ಪುಷ್ಯದ ಚಳಿಗೆ ಸಾಕು. ಕಣಕಿ ಜನರಿಗೆ ಮೆತ್ತೆ, ಎತ್ತಿಗೆ ಮೇವು. ಸ್ಪ್ರಿಂಗ್ ಇಲ್ಲದ ಬಂಡಿಯ ಪೆಟ್ಟನ್ನು ಅದು ತಡೆಯುತ್ತದೆ, ರಾತ್ರಿ ಬೀಡು ಬಿಟ್ಟಾಗ ಎತ್ತಿನ ಮುಂದೆ ಬೀಳುತ್ತದೆ. ಇಂಧನದ ಮೇಲೆಯೇ ಮಲಗಿ ಪ್ರಯಾಣ ಮಾಡುವ ವಾಹನ ಜಗತ್ತಿನಲ್ಲಿ ಬೇರೆ ಎಷ್ಟಿವೆ?

ಈ ವಿದ್ಯೆಯ ತಿರುಳು ಮಾತ್ರ ಭಾರ ಹಂಚುವುದರಲ್ಲಿದೆ ಎಂದು ನನ್ನ ತಿಳಿವಳಿಕೆ. ಬಂಡಿಗೆ ಎರಡೇ ಗಾಲಿ. ಸಾಮಾನು ಅಚ್ಚಿಗಿಂತ ಮುಂದೆ ಹೆಚ್ಚಾದರೆ ಮುಂಭಾರ. ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ, ಎರಡು ಹರದಾರಿ ನಡೆಯುವಷ್ಟರಲ್ಲಿ ಹೆಗಲು ಬಾತುಕೊಳ್ಳುತ್ತದೆ. ಹಿಂದೆ ಹೆಚ್ಚಾದರೆ ಹಿಂಭಾರ. ನೊಗ ಮೇಲಕ್ಕೆದ್ದು ಕೊರಳಿಗೆ ಕಟ್ಟಿದ ಜತ್ತಿಗೆ ಗಂಟಲನ್ನು ಬಿಗಿಯುತ್ತದೆ. ಎರಡೂ ಎತ್ತಿಗೆ ಹಿಂಸೆ. ಅನುಭವಸ್ಥ ರೈತ ಎತ್ತು ಹೂಡುವ ಮುನ್ನ ನೊಗವನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಾನೆ. ಹಗುರವಾಗಿ ಏಳಬೇಕು, ಬಿಟ್ಟಾಗ ನಿಧಾನವಾಗಿ ಕೆಳಗಿಳಿಯಬೇಕು. ಅಂದರೆ ಒಂದಿಷ್ಟೇ ಮುಂಭಾರ. ಅಮೆರಿಕದಲ್ಲಿ ವಾಹನದ ಹಿಂದೆ ಎಳೆದೊಯ್ಯುವ ಮನೆಗಳಿಗೂ ಇಂಥದೇ ಲೆಕ್ಕ ಹೇಳುತ್ತಾರೆ: ಒಟ್ಟು ಭಾರದ ಶೇ. 10ರಿಂದ 15ರಷ್ಟು ಜೋಡಣೆಯ ಕೊಂಡಿಯ ಮೇಲೆ ಬೀಳಬೇಕು, ಇಲ್ಲವಾದರೆ ಹಿಂದಿನ ಮನೆ ಹಾವಿನಂತೆ ಹೊರಳಾಡತೊಡಗುತ್ತದೆ. ಅವರು ಅದನ್ನು ತಕ್ಕಡಿಯಲ್ಲಿ ಅಳೆದು ತಿಳಿಯುತ್ತಾರೆ, ನಮ್ಮ ರೈತ ಅಂಗೈಯಲ್ಲಿ.

ಅದೂ ಒಮ್ಮೆ ಹೊಂದಿಸಿ ಮುಗಿಯುವ ಕೆಲಸವಲ್ಲ. ದಿನ ಕಳೆದಂತೆ ಮೇವು ಕರಗುತ್ತದೆ, ರೊಟ್ಟಿಯ ಗಂಟು ಇಳಿಯುತ್ತದೆ, ನೀರಿನ ಕೊಡ ಖಾಲಿಯಾಗುತ್ತದೆ. ಪ್ರತಿ ಬೀಡಿನಲ್ಲೂ ಸಾಮಾನು ಸರಿಸಿ ಮತ್ತೆ ನೊಗ ಎತ್ತಿ ನೋಡಬೇಕು. ಏರು ಬಂದಾಗ ಬಂಡಿ ಹಿಂದಕ್ಕೆ ವಾಲುವುದರಿಂದ ಕೂತವರು ಮುಂದಕ್ಕೆ ಸರಿಯುತ್ತಾರೆ, ಗಟ್ಟಿಮುಟ್ಟಾದವರು ಇಳಿದು ನಡೆಯುತ್ತಾರೆ. ಇಳಿಜಾರಿನಲ್ಲಿ ಎಲ್ಲರೂ ಹಿಂದಕ್ಕೆ. ಯಾರೂ ಹೇಳಿಕೊಡದೆ ಮಕ್ಕಳೂ ಇದನ್ನು ಕಲಿತುಬಿಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ನಡುವೆ ಅಮೆರಿಕದ ಓರೆಗಾನ್ ದಾರಿಯಲ್ಲಿ ಸುಮಾರು 3,200 ಕಿಲೋಮೀಟರ್ ವಲಸೆ ಹೋದ ಕುಟುಂಬಗಳೂ ಹೆಚ್ಚಾಗಿ ಎತ್ತುಗಳನ್ನೇ ನಂಬಿದ್ದವು. ಬಂಡಿ ಹಗುರವಾಗಿರಲೆಂದು ಜನ ಬಹುಪಾಲು ನಡೆದೇ ಹೋದರು. ಎತ್ತಿನ ಮೇಲಿನ ಕರುಣೆಯೂ ದಾರಿ ಸಾಗುವ ಲೆಕ್ಕಾಚಾರವೂ ಅಲ್ಲಿ ಒಂದೇ ಆಗಿದ್ದವು.

ಎತ್ತುಗಳ ಸಿದ್ಧತೆ ತಿಂಗಳ ಮುಂಚೆಯೇ ಆರಂಭ. ಈ ಭಾಗದ ಮೆಚ್ಚಿನ ಜೋಡಿ ಖಿಲಾರಿ: ಬೆಳ್ಳನೆಯ ಮೈ, ಹಿಂದಕ್ಕೆ ಬಾಗಿ ಮೇಲೇರುವ ಉದ್ದ ಕೊಂಬು, ಚುರುಕು ನಡೆ. ಹತ್ತಿಕಾಳು, ಹುರುಳಿ, ಹಿಂಡಿ ತಿನ್ನಿಸಿ ಮೈ ತುಂಬಿಸುತ್ತಾರೆ. ಹೊಲದ ಮೆತ್ತನೆಯ ಮಣ್ಣಿಗೆ ಬೇಡವಾದ ಲಾಳ ಡಾಂಬರು ರಸ್ತೆಗೆ ಬೇಕೇ ಬೇಕು. ಎತ್ತಿನ ಗೊರಸು ಸೀಳಿರುವುದರಿಂದ ಒಂದೊಂದು ಕಾಲಿಗೆ ಎರಡು ತುಣುಕಿನಂತೆ, ನಾಲ್ಕೂ ಕಾಲಿಗೆ ಹೊಡೆಸಿದರೆ ಎಂಟು ಲಾಳ. ಆಮೇಲೆ ಶೃಂಗಾರ: ಕೊಂಬಿಗೆ ಬಣ್ಣ, ತುದಿಗೆ ಹಿತ್ತಾಳೆಯ ಅಣಸು, ಕೊರಳಿಗೆ ಗೆಜ್ಜೆಸರ, ಬೆನ್ನಿಗೆ ಕಸೂತಿಯ ಝೂಲ. ಗೆಜ್ಜೆ ಅಂದಕ್ಕಷ್ಟೇ ಅಲ್ಲ. ಕತ್ತಲಲ್ಲಿ ಎದುರಿನ ಬಂಡಿಗೆ ಸುದ್ದಿ ಮುಟ್ಟಿಸುವುದೂ ಅದೇ, ಅಚ್ಚಿನ ಕೆಳಗೆ ತೂಗುವ ಕಂದೀಲಿನ ಜೊತೆಗೆ.

ಇಳಕಲ್ಲಿನಿಂದ ಬನಶಂಕರಿಗೆ ಎಪ್ಪತ್ತು ಕಿಲೋಮೀಟರ್ ಆಸುಪಾಸು. ಕಾರಿನಲ್ಲಿ ಒಂದು ಹೊತ್ತಿನ ದಾರಿ. ಎತ್ತು ತಾಸಿಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತದೆ, ಮೆಲುಕು ಹಾಕಲು ಅದಕ್ಕೆ ದಿನಕ್ಕೆ ಹಲವು ತಾಸು ಬಿಡುವು ಬೇಕು. ಹಾಗಾಗಿ ನಸುಕಿನಿಂದ ಬಿಸಿಲೇರುವವರೆಗೆ, ಮತ್ತೆ ಬಿಸಿಲು ಇಳಿದ ಮೇಲೆ ನಡಿಗೆ. ನಡುಮಧ್ಯಾಹ್ನ ಬೇವಿನ ನೆರಳಲ್ಲಿ ಎತ್ತು ಬಿಚ್ಚಿ ಬೀಡು. ಹುನಗುಂದ ದಾಟಿ, ಕರದಂಟಿಗೆ ಹೆಸರಾದ ಅಮೀನಗಡ, ಕಮತಗಿ, ಖಣ ನೇಯುವ ಗುಳೇದಗುಡ್ಡ, ಆಮೇಲೆ ಕೆಂಪು ಮರಳುಗಲ್ಲಿನ ಗುಡ್ಡಗಳು. ಎರೆಹೊಲದ ಕಪ್ಪು ಮುಗಿದು ಬಾದಾಮಿಯ ಕೆಂಪು ಆರಂಭವಾಗುವುದು ಬಂಡಿಯಲ್ಲಿ ಕೂತವರಿಗೆ ನಿಧಾನವಾಗಿ, ಹೊಲ ಹೊಲವಾಗಿ ಕಾಣುತ್ತದೆ.

ಬುತ್ತಿಯ ವಿಚಾರ ಹೆಣ್ಣುಮಕ್ಕಳದು. ಕಡಕ್ ರೊಟ್ಟಿಯಲ್ಲಿ ನೀರಿನ ಪಸೆಯಿಲ್ಲದ ಕಾರಣ ವಾರಗಟ್ಟಲೆ ಕೆಡದು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಅಗಸಿ ಚಟ್ನಿ, ಮಾದ್ಲಿ, ಶೇಂಗಾ ಹೋಳಿಗೆ: ಎಲ್ಲವೂ ದೂರದಾರಿಯನ್ನು ಲೆಕ್ಕಹಾಕಿ ಮಾಡಿದ ಅಡುಗೆ. ಮೊದಲ ದಿನಕ್ಕೆ ಎಣ್ಣಿಗಾಯಿ ಮತ್ತು ಮೊಸರುಬುತ್ತಿ, ಆಮೇಲೆ ಒಣ ಪದಾರ್ಥ. ಬೀಡಿನಲ್ಲಿ ಮೂರು ಕಲ್ಲಿಟ್ಟು ಒಂದು ಝುಣಕಾ ಮಾಡಿದರೆ ಊಟ ಭರ್ತಿ.

ಬನಶಂಕರಿಯಲ್ಲಿ ಎತ್ತು ಬಿಚ್ಚಿ, ಮೂಕಿಗೆ ಊರುಗೋಲು ಕೊಟ್ಟು ನಿಲ್ಲಿಸಿದರೆ ಬಂಡಿ ಅಲ್ಲಿಗೆ ನಿಂತ ಮನೆ. ಹರಿದ್ರಾ ತೀರ್ಥದಲ್ಲಿ ಸ್ನಾನ, ಪಲ್ಯದ ಹಬ್ಬದಲ್ಲಿ 108 ಬಗೆಯ ತರಕಾರಿ ಖಾದ್ಯಗಳ ನೈವೇದ್ಯ, ರಾತ್ರಿ ನಾಟಕ ಕಂಪನಿಗಳ ಟೆಂಟು, ಹಗಲು ಮರದ ಬಾಗಿಲು ಚೌಕಟ್ಟುಗಳ ಸಂತೆ. ಹೊಸ ಮನೆ ಕಟ್ಟುವವರು ಹೊಸ್ತಿಲು ಬಾಗಿಲನ್ನು ಇಲ್ಲಿಂದಲೇ ಬಂಡಿಗೇರಿಸಿಕೊಂಡು ಹೋಗುತ್ತಾರೆ. ತೇರಿನ ಹಗ್ಗ ಬರುವುದೂ ಬಂಡಿಯಲ್ಲೇ, ರೋಣ ತಾಲ್ಲೂಕಿನ ಮಾಡಲಗೇರಿಯಿಂದ. ಅನೇಕ ಎತ್ತು ಹೂಡಿದ ಆ ಹಳಿಬಂಡಿ ಮಲಪ್ರಭೆ ದಾಟಿ ಬಂದು ಮುಟ್ಟಿದ ಮೇಲೆಯೇ ತೇರು ಹೊರಡುವುದು.

ಹೊಲಕ್ಕೆ ಟೈರಿನ ಚಕ್ಕಡಿ ಬಂದು ಬಹಳ ಕಾಲವಾಯಿತು. ಅದು ಎತ್ತಿಗೆ ಹಗುರ, ನಾನು ಅದನ್ನು ದೂರಲಾರೆ. ಆದರೆ ಹೊಸ ಮರದ ಗಾಲಿ ಮಾಡಿಸುವವರು ಕಡಿಮೆಯಾದಂತೆ, ಹಳಿಯ ಅಳತೆ ತಿಳಿದ ಕಂಬಾರರೂ ಗುಂಬ ಕೊರೆಯಬಲ್ಲ ಬಡಿಗೇರರೂ ವಯಸ್ಸಾದವರಷ್ಟೇ ಉಳಿಯುತ್ತಿದ್ದಾರೆ. ಬಾದಾಮಿಗೆ ಬಂದವರು ಮೂರನೆಯ ಗುಹೆಯಲ್ಲಿ 578ರ ಶಾಸನವನ್ನು ನೋಡಿ ಹೋಗುತ್ತಾರೆ, ನೋಡಲೇಬೇಕಾದ್ದೇ. ಬನದ ಹುಣ್ಣಿಮೆಯ ಹೊತ್ತಿಗೆ ಬಂದರೆ ಚೊಳಚಗುಡ್ಡದ ಬಂಡಿಬೀಡಿಗೂ ಒಂದು ಹೊತ್ತು ಕೊಡಿ. ಗಾಲಿಯ ಪಕ್ಕ ಕೂತು ಸಂದುಗಳನ್ನು ನೋಡಿ. ಯಜಮಾನರನ್ನು ಕೇಳಿದರೆ ನೊಗ ಎತ್ತಿ ತೋರಿಸುತ್ತಾರೆ. ಗಾಲಿ ಮಾಡಿದವರು ಯಾರು, ಯಾವ ಊರು ಎಂದು ಕೇಳಿ ಬರೆದುಕೊಳ್ಳಿ, ಸಾಧ್ಯವಾದರೆ ಆ ಊರಿಗೂ ಹೋಗಿ ಬನ್ನಿ.