ಬಾವಿ, ಹಗೇವುಗಳಿಗೆ ಇಳಿಯುವ ಮುನ್ನ: ಗಾಳಿ ಊದುವ ಯಂತ್ರದ ಆಯ್ಕೆ

ಬೇಸಿಗೆ ಬಂದೊಡನೆ ಹೂಳು ತೆಗೆಯಲು ಬಾವಿಗೆ ಇಳಿಯುವುದು, ಜೋಳ ತೆಗೆಯಲು ಹಗೇವಿಗೆ ಇಳಿಯುವುದು ನಮ್ಮ ಗ್ರಾಮಗಳಲ್ಲಿ ರೂಢಿಯಾಗಿ ಬಂದ ಕೆಲಸಗಳು. ಇವುಗಳಲ್ಲಿ ಹೊರನೋಟಕ್ಕೆ ಅಪಾಯವೇನೂ ತೋರುವುದಿಲ್ಲ. ಆದರೆ ಕೆಲವೊಮ್ಮೆ ಇಳಿದವನು ಕೂಗಲೂ ಆಗದೆ ಕುಸಿದು ಬೀಳುತ್ತಾನೆ. ಅವನನ್ನು ಎತ್ತಲು ತಮ್ಮನು ಇಳಿಯುತ್ತಾನೆ. ತಮ್ಮನ ಹಿಂದೆ ಮಗನು ಇಳಿಯುತ್ತಾನೆ. ಹೀಗೆ ಒಂದೇ ಮನೆಯ ಇಬ್ಬರು ಮೂವರು ಒಂದೇ ದಿನ ಪ್ರಾಣ ಕಳೆದುಕೊಳ್ಳುವುದುಂಟು. ದುಡಿಯುವ ಕೈಗಳನ್ನು ಕಳೆದುಕೊಂಡ ಸಂಸಾರದ ಪಾಡು ಹೇಳತೀರದು. ಆದುದರಿಂದ ಈ ವಿಷಯವನ್ನು ಪತಿಪತ್ನಿಯರಿಬ್ಬರೂ ತಿಳಿದಿರುವುದು ಅವಶ್ಯಕ.

ಕೆಟ್ಟ ಗಾಳಿ ಎಂದರೇನು?

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇಕಡಾ 21 ಭಾಗ ಆಮ್ಲಜನಕವಿದೆ. ಇದು ಶೇಕಡಾ 19.5ಕ್ಕಿಂತ ಕಡಿಮೆಯಾದರೆ ಆ ಸ್ಥಳ ಕೆಲಸಕ್ಕೆ ಯೋಗ್ಯವಲ್ಲ. ಶೇಕಡಾ 10ಕ್ಕಿಂತ ಕೆಳಗಿಳಿದರೆ ಬಹುಬೇಗ ಎಚ್ಚರ ತಪ್ಪುತ್ತದೆ. ಆಮ್ಲಜನಕವಿಲ್ಲದೆ ಮೆದುಳು ಕೆಲವೇ ನಿಮಿಷಗಳಲ್ಲಿ ಶಾಶ್ವತವಾಗಿ ಕೆಡುತ್ತದೆ.

ಹಗೇವಿನಲ್ಲಿ ತುಂಬಿಟ್ಟ ಕಾಳು ಜೀವವುಳ್ಳದ್ದು, ಅದೂ ಉಸಿರಾಡುತ್ತದೆ. ಕಾಳು ಮತ್ತು ಅದರಲ್ಲಿನ ಹುಳು, ಬೂಷ್ಟುಗಳು ಆಮ್ಲಜನಕವನ್ನು ಹೀರಿ ಇಂಗಾಲದ ಡೈ ಆಕ್ಸೈಡನ್ನು ಹೊರಬಿಡುತ್ತವೆ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರವಾದುದರಿಂದ ತಳದಲ್ಲಿಯೇ ನಿಲ್ಲುತ್ತದೆ. ಬಾಯಿ ಕಿರಿದಾದ ಹಗೇವಿನಿಂದ ಅದು ತಾನಾಗಿ ಹೊರಬರುವುದು ಕಷ್ಟ. ಹಳೆಯ ಬಾವಿಯಲ್ಲಿ ಎಲೆ, ಕೆಸರು ಕೊಳೆತು ಇದೇ ಸ್ಥಿತಿ ಉಂಟಾಗುತ್ತದೆ.

ಸಗಣಿ ಅಥವಾ ಮಲ ಕೊಳೆಯುವ ತೊಟ್ಟಿಗಳಲ್ಲಿ ಮೀಥೇನ್ ಮತ್ತು ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲಗಳಿರುತ್ತವೆ. ಮೊದಲನೆಯದು ಕಿಡಿ ತಗುಲಿದರೆ ಸಿಡಿಯುತ್ತದೆ. ಎರಡನೆಯದು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಆದರೆ ಪ್ರಮಾಣ ಹೆಚ್ಚಿದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಹೋಯಿತೆಂದು ಧೈರ್ಯಪಡುವುದು ಮಾರಕವಾದೀತು.

ದೀಪದ ಪರೀಕ್ಷೆ ಸಾಲದು

ಲಾಟೀನು ಇಳಿಬಿಟ್ಟು ಅದು ಆರಿದರೆ ಇಳಿಯಬಾರದೆಂಬ ಹಿರಿಯರ ಎಚ್ಚರಿಕೆಯಲ್ಲಿ ಹುರುಳಿದೆ. ಆದರೆ ದೀಪ ಉರಿಯುತ್ತಿದೆಯೆಂದ ಮಾತ್ರಕ್ಕೆ ಗಾಳಿ ಶುದ್ಧವೆಂದು ಭಾವಿಸಬಾರದು. ವಿಷಾನಿಲವಿದ್ದರೂ ದೀಪ ಉರಿಯಬಲ್ಲದು. ಮೀಥೇನ್ ಇರುವಲ್ಲಿ ಆ ದೀಪವೇ ಸ್ಫೋಟಕ್ಕೆ ಕಾರಣವಾಗುವುದು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದರಿಂದಲೂ ಪ್ರಯೋಜನವಿಲ್ಲ. ಬಟ್ಟೆಯು ಧೂಳನ್ನು ತಡೆಯಬಹುದೇ ಹೊರತು ಇಲ್ಲದ ಆಮ್ಲಜನಕವನ್ನು ಒದಗಿಸಲಾರದು.

ಯಂತ್ರವನ್ನು ಆರಿಸುವುದು ಹೇಗೆ?

ಕೆಟ್ಟ ಗಾಳಿಯನ್ನು ಹೊರದೂಡಿ ಶುದ್ಧ ಗಾಳಿಯನ್ನು ತಳಕ್ಕೆ ಮುಟ್ಟಿಸುವುದೇ ಸರಿಯಾದ ಉಪಾಯ. ಇದಕ್ಕೆ ಬ್ಲೋವರ್ ಎಂಬ ಊದುವ ಯಂತ್ರ ಬೇಕು. ಅದನ್ನು ಕೊಳ್ಳುವಾಗ ಅಥವಾ ಬಾಡಿಗೆಗೆ ತರುವಾಗ ಈ ಅಂಶಗಳನ್ನು ಗಮನಿಸಬೇಕು.

1. ಯಂತ್ರಕ್ಕೆ ಮಡಿಚಿಡಬಹುದಾದ ಅಗಲ ಕೊಳವೆ ಇರಬೇಕು. ಕೊಳವೆಯ ತುದಿ ತಳದ ಸಮೀಪಕ್ಕೆ ತಲುಪಬೇಕು. ರಾಶಿ ತೂರುವ ಫ್ಯಾನನ್ನು ಬಾವಿಯ ಬಾಯಿಗೆ ಹಿಡಿದರೆ ಗಾಳಿ ಮೇಲೆಯೇ ಸುಳಿದು ಹಿಂದಿರುಗುವುದು.

2. ಇಂತಹ ಕೆಲಸಗಳಿಗೆ ಗಾಳಿಯನ್ನು ಹೀರುವುದಕ್ಕಿಂತ ಊದುವುದು ಮೇಲು. ಹೀರುವ ಕೊಳವೆ ತನ್ನ ಬಾಯಿಯ ಹತ್ತಿರದ ಗಾಳಿಯನ್ನು ಮಾತ್ರ ಎಳೆಯುತ್ತದೆ. ಊದಿದ ಗಾಳಿ ದೂರದವರೆಗೆ ಹರಿಯುತ್ತದೆ.

3. ಚಕ್ರಕ್ಕೆ ಗಾಳಿ ತುಂಬುವ ಕಂಪ್ರೆಸರ್ ಈ ಕೆಲಸಕ್ಕೆ ಬಾರದು. ಅದರ ಒತ್ತಡ ಹೆಚ್ಚು, ಗಾಳಿಯ ಪ್ರಮಾಣ ಕಡಿಮೆ. ಸಿಲಿಂಡರಿನಿಂದ ಶುದ್ಧ ಆಮ್ಲಜನಕವನ್ನು ಎಂದಿಗೂ ಒಳಬಿಡಬಾರದು. ಸಣ್ಣ ಕಿಡಿಯಿಂದಲೂ ಉಟ್ಟ ಬಟ್ಟೆ ಭಗ್ಗನೆ ಹೊತ್ತಿಕೊಳ್ಳುವುದು.

4. ಯಂತ್ರವನ್ನು ಗುಂಡಿಯ ಬಾಯಿಯಿಂದ ದೂರದಲ್ಲಿ, ಗಾಳಿ ಬೀಸಿ ಬರುವ ಕಡೆಗೆ ಇಡಬೇಕು. ಜನರೇಟರ್ ಅಥವಾ ಟ್ರ್ಯಾಕ್ಟರಿನ ಹೊಗೆ ಅದರ ಬಾಯಿಗೆ ಸೇರಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದ ವಿಷ. ಇದೇ ಕಾರಣದಿಂದ ಡೀಸೆಲ್, ಪೆಟ್ರೋಲ್ ಪಂಪನ್ನು ಬಾವಿಯೊಳಗೆ ಇಳಿಸಿ ನಡೆಸಕೂಡದು.

5. ಮೀಥೇನ್ ಇರಬಹುದಾದ ಕಡೆ ಕಿಡಿ ಹಾರದಂತೆ ತಯಾರಿಸಿದ ಮೋಟಾರುಳ್ಳ ಯಂತ್ರವೇ ಆಗಬೇಕು.

ಎಷ್ಟು ಹೊತ್ತು ಊದಬೇಕು?

ಅಡ್ಡಳತೆ 6 ಅಡಿ, ಆಳ 30 ಅಡಿ ಇರುವ ಬಾವಿಯಲ್ಲಿ ಸುಮಾರು 850 ಘನ ಅಡಿ ಗಾಳಿ ಇರುತ್ತದೆ. ಒಳಗಿನ ಗಾಳಿ ಒಮ್ಮೆ ಬದಲಾದರೆ ಸಾಲದು. ಹತ್ತು ಪಟ್ಟು, ಅಂದರೆ 8,500 ಘನ ಅಡಿ ಗಾಳಿಯನ್ನು ಊದುವುದು ಒಳ್ಳೆಯದು. ನಿಮಿಷಕ್ಕೆ 500 ಘನ ಅಡಿ ಊದುವ ಯಂತ್ರಕ್ಕೆ ಇದಕ್ಕೆ 17 ನಿಮಿಷ ಬೇಕು. ಆದರೆ ಯಂತ್ರದ ಮೇಲೆ ಬರೆದ ಸಾಮರ್ಥ್ಯ ಸಾಮಾನ್ಯವಾಗಿ ಕೊಳವೆ ಇಲ್ಲದಾಗಿನದು. ಕೊಳವೆ ಉದ್ದವಾದಷ್ಟೂ, ಬಾಗಿದಷ್ಟೂ ಗಾಳಿ ಕಡಿಮೆಯಾಗುತ್ತದೆ. ಆದುದರಿಂದ ಬರೆದಿರುವುದರ ಅರ್ಧವನ್ನಷ್ಟೇ ನಂಬಿ, ನಿಮಿಷಕ್ಕೆ 1,000 ಘನ ಅಡಿಯ ಯಂತ್ರವನ್ನು ಆರಿಸುವುದು ಜಾಣತನ. ಕೆಸರು ಕಲಕಿದಾಗ ಮತ್ತೆ ಅನಿಲ ಏಳುವುದರಿಂದ, ಕೆಲಸ ಮುಗಿದು ಒಳಗಿರುವವನು ಮೇಲೆ ಬರುವವರೆಗೂ ಯಂತ್ರವನ್ನು ನಿಲ್ಲಿಸಬಾರದು.

ಊದಿದ ನಂತರ ಅನಿಲಮಾಪಕವನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಪರೀಕ್ಷಿಸಬೇಕು. ಮಾಪಕವಿಲ್ಲದೆ ಇಳಿಯುವುದು ಕಣ್ಣು ಕಟ್ಟಿಕೊಂಡು ಇಳಿದಂತೆ. ಒಂದು ಮನೆಗೆ ಈ ಸಾಧನಗಳ ವೆಚ್ಚ ಭಾರವಾದೀತು. ಊರಿನ ಸಹಕಾರ ಸಂಘ ಅಥವಾ ಗ್ರಾಮ ಪಂಚಾಯತಿಯ ಮೂಲಕ ಒಂದು ಯಂತ್ರ, ಒಂದು ಮಾಪಕವನ್ನು ತರಿಸಿಕೊಂಡರೆ ಎಲ್ಲರಿಗೂ ಉಪಯೋಗವಾಗುವುದು.

ಮೇಲೆ ನಿಲ್ಲುವವರ ಕರ್ತವ್ಯ

ಒಬ್ಬರೇ ಎಂದಿಗೂ ಇಳಿಯಬಾರದು. ಇಳಿಯುವವನ ಎದೆ, ಭುಜಗಳಿಗೆ ಪಟ್ಟಿ ಕಟ್ಟಿ, ಹಗ್ಗವನ್ನು ಮೇಲೆ ರಾಟೆಗೆ ಹಾಕಿರಬೇಕು. ಎಳೆಯಬಲ್ಲ ಇಬ್ಬರಾದರೂ ಮೇಲಿರಬೇಕು. ಅವರು ಒಳಗಿರುವವನನ್ನು ಆಗಾಗ್ಗೆ ಮಾತನಾಡಿಸುತ್ತಿರಬೇಕು. ಉತ್ತರ ಬಾರದಿದ್ದರೆ ಹಗ್ಗದಿಂದ ಎಳೆಯಬೇಕೇ ಹೊರತು ಯಾರೂ ಹಿಂದೆಯೇ ಇಳಿಯಕೂಡದು. ಗಂಡನು ಬಿದ್ದುದನ್ನು ಕಂಡ ಹೆಂಡತಿಗೆ, ಅಣ್ಣನು ಬಿದ್ದುದನ್ನು ಕಂಡ ತಮ್ಮನಿಗೆ ಇದು ಬಹು ಕಠಿಣವಾದ ಮಾತು. ಆದರೂ ಆ ಗಳಿಗೆಯಲ್ಲಿ ಯಂತ್ರವನ್ನು ನಡೆಸುತ್ತಾ 112ಕ್ಕೆ ಅಥವಾ 108ಕ್ಕೆ ಕರೆ ಮಾಡುವುದೇ ನಿಜವಾದ ಸಹಾಯ. ಮೇಲೆ ತಂದವನಿಗೆ ಉಸಿರಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿಯಂತೆ ಬಲವಾಗಿ ಒತ್ತುತ್ತಿರಬೇಕು.

ಇಳಿಯಲೇಬಾರದ ಸ್ಥಳಗಳು

ಶೌಚದ ತೊಟ್ಟಿ ಹಾಗೂ ಗೋಬರ್ ಗ್ಯಾಸ್ ತೊಟ್ಟಿಗಳಿಗೆ ಮನೆಯವರಾಗಲಿ, ಕೂಲಿಯವರಾಗಲಿ ಇಳಿಯಬಾರದು. ಅವುಗಳಿಗೆ ಹೀರುವ ಯಂತ್ರದ ವಾಹನವನ್ನು ಕರೆಸಬೇಕು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರಿಂದ ಶೌಚದ ತೊಟ್ಟಿಯನ್ನು ಸ್ವಚ್ಛಗೊಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಮೊದಲ ಅಪರಾಧಕ್ಕೇ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು.

ಹೂಳು ನಾಳೆಯೂ ತೆಗೆಯಬಹುದು. ಜೋಳವನ್ನು ನಾಡಿದ್ದು ತೆಗೆದರೂ ನಷ್ಟವಿಲ್ಲ. ಯಂತ್ರ ಬರುವವರೆಗೆ ಕಾಯೋಣವೆಂದು ದಂಪತಿಗಳು ಒಮ್ಮತದಿಂದ ನಿರ್ಧರಿಸಿದರೆ ಇಡೀ ಕುಟುಂಬದ ಕ್ಷೇಮವನ್ನು ಕಾಪಾಡಿದಂತಾಗುವುದು.